ಮಾವನಿಗೆ ಮೂರು ನಿಮಿಷ

ರಿಪೀಟರಿಗೆ, ಅಂದ್ರೆ ಒಬ್ಬರ ರೇಡಿಯೋ ಮಾತು ಹಿಡಿದು ಜೋರಾಗಿ ದೂರಕ್ಕೆ ಕಳಿಸುವ ಸೆಟ್ಟಿಗೆ, ಮೂರು ನಿಮಿಷ ಆದ್ರೆ ಮಾತು ಕಟ್ ಮಾಡುವ ಟೈಮರ್ ಇಟ್ಟದ್ದಕ್ಕೆ ಮಾವ ನನ್ನತ್ರ ಮಾತು ಬಿಟ್ಟಿದ್ದಾರೆ. ಎದುರಿಗೆ ಮಾತ್ರ ಬಿಟ್ಟದ್ದು, ರೇಡಿಯೋದಲ್ಲಿ ಬಿಡುವ ಲಕ್ಷಣ ಎಂತದೂ ಕಾಣುದಿಲ್ಲ.

ಗುಜರಿಗೆ ಹೋಗ್ಲಿಕ್ಕಿದ್ದ ವಿಎಚ್‌ಎಫ್ ಬೇಸ್ ಸ್ಟೇಷನ್, ಅಂದ್ರೆ ಒಂದೇ ಕಡೆ ಇಟ್ಟು ಮಾತಾಡುವ ವಯರ್‌ಲೆಸ್ ಸೆಟ್ಟು, ಒಂದು ಸಿಕ್ಕಿತ್ತು, ಕ್ರಿಸ್ಟಲ್ ಹಾಕುವ ಕಾಲದ್ದು, ಎತ್ತಿದ್ರೆ ಸೊಂಟ ಹಿಡಿಯುವಂಥದ್ದು. ನಮ್ಮ ಕಾಸರಗೋಡಿನ ಪೆರ್ಲ ಬದಿಯಡ್ಕ ಕಡೆ ಗೊತ್ತುಂಟಲ್ಲ, ಗುಡ್ಡೆ ಇಳಿದ್ರೆ ತೋಟ, ತೋಟ ದಾಟಿದ್ರೆ ಮತ್ತೆ ಗುಡ್ಡೆ, ಹ್ಯಾಂಡ್‌ಸೆಟ್ಟಿನ 5 ವ್ಯಾಟ್ ಪಕ್ಕದ ಮನೆಗೂ ಮುಟ್ಟುದಿಲ್ಲ. ವಯರ್‌ಲೆಸ್ ಲೈಸೆನ್ಸ್ ಕೊಡುವ ಕೇಂದ್ರದ ಡಬ್ಲ್ಯುಪಿಸಿಯ ಕಾಗದ ಹೇಗೂ ಕೈಯಲ್ಲಿತ್ತು, ಇದನ್ನೇ ರಿಪೀಟರ್ ಮಾಡಿ ಮೇಲೆ ಇಡುವಾ ಅಂತ ನಾವು ಹ್ಯಾಮಿನವರು, ಹವ್ಯಾಸಕ್ಕೆ ರೇಡಿಯೋ ಹಿಡಿದವರು, ಹೊರಟೆವು.

ಬೇಸ್ ಸ್ಟೇಷನ್ ಒಂದೋ ಕೇಳ್ತದೆ, ಇಲ್ಲ ಮಾತಾಡ್ತದೆ. ರಿಪೀಟರ್ ಎರಡನ್ನೂ ಒಟ್ಟಿಗೆ ಮಾಡ್ಬೇಕು. ಆಂಟೆನಾವನ್ನು ಅತ್ತಿತ್ತ ಬದಲಿಸುವ ರಿಲೇ ಕಿತ್ತು, ರಿಸೀವರಿಗೆ ಬೇರೆ ಸಾಕೆಟ್ ಕೊಟ್ಟು, ಸಿಗ್ನಲ್ ಬಂದು ಸ್ಕ್ವೆಲ್ಚ್ ತೆರೆದ ಕೂಡ್ಲೇ ತಾನೇ ಪಿಟಿಟಿ, ಅಂದ್ರೆ ಮಾತಾಡುವ ಬಟನ್, ಒತ್ತಿದ ಹಾಗೆ ಆಗುವಂತೆ ಸರ್ಕೀಟು ಸೇರ್ಸಿ ಆಯ್ತು. ಆದ್ರೆ ಕೇಳುವ, ಕಳಿಸುವ ಎರಡು ಫ್ರೀಕ್ವೆನ್ಸಿಗೆ ಬರೀ 600 ಕಿಲೋಹರ್ಟ್ಜ್ ಅಂತರ, ಟ್ರಾನ್ಸ್‌ಮಿಟರ್ ಆನ್ ಆದದ್ದೇ ರಿಸೀವರ್ ಕಿವುಡು.

"ನಿನ್ನ ಮಾವನ ಹಾಗೆಯೇ" ಅಂದ್ರು ಅತ್ತೆ, ಅಕ್ಕಿ ಆರಿಸ್ತಾ.

ಅದಕ್ಕೆ ಮದ್ದು ಡುಪ್ಲೆಕ್ಸರ್, ಆ ಎರಡು ಫ್ರೀಕ್ವೆನ್ಸಿಯನ್ನು ಬೇರೆ ಬೇರೆ ಮಾಡುವ ಫಿಲ್ಟರ್. ಅರ್ಧ ಮೀಟರಿಗೂ ಚೂರು ಉದ್ದದ ತಾಮ್ರದ ಕೊಳವೆಗಳನ್ನು ಚಾವಡಿಯಲ್ಲಿ ಸಾಲಾಗಿ ನಿಲ್ಸಿದ್ರೆ ಬಂದವರೆಲ್ಲ ಅಡಕೆಗೆ ಮದ್ದು ಬಿಡುವ ಹೊಸ ಮೆಷಿನಾ ಅಂತ ಕೇಳುದು.

ಇನ್ನು ಟೈಮರ್. "ಜೀಪ್ ಎಲ್ಲಿ ಮುಟ್ಟಿತು", "ರೋಜರ್", ಇಷ್ಟೇ ಮಾತಿಗೆ ಮಾಡಿದ ಸೆಟ್ಟು ಅದು, ಬಿಡದೆ 25 ವ್ಯಾಟ್ ಕಕ್ಕಿಸಿದ್ರೆ ಫೈನಲ್ ಟ್ರಾನ್ಸಿಸ್ಟರ್ ಕಾದು ಸುಟ್ಟೇ ಹೋಗ್ತದೆ. ಮಾವನಿಗೆ ಇದು ಹೇಳಿದ್ರೆ ಅರ್ಥ ಆಗ್ಬೇಕಲ್ಲ! ನಿನ್ನೆ ಟೆಸ್ಟಿಂಗಿಗೆ ಅಂತ ತೋಟದಿಂದ ಸುರು ಮಾಡಿದ್ರು, ಮಂಗನ ಉಪದ್ರ, ಅಡಕೆ ರೇಟು, ಮೊಣಗಂಟು ನೋವು, ಅದಕ್ಕೆ ಕುಂಬ್ಳೆಯಲ್ಲಿ ಯಾರೋ ಕೊಟ್ಟ ಎಣ್ಣೆ, "ಆ ಎಣ್ಣೆ ಹಚ್ಚಿದ್ದೇ ಎಂತ ಆಯ್ತು ಅಂದ್ರೆ..." ಟಕ್, ಕಟ್ಟಾಯ್ತು. ಮಾವನಿಗೆ ಗೊತ್ತೇ ಇಲ್ಲ. ನಾವು ಮೂರು ಜನ ಸ್ಪೀಕರಿನ ಎದುರು ಕೂತದ್ದೇ ಕೂತದ್ದು, ಚಾ ತಣಿಯಿತು, ಆಚೆ ಅವರ ಭಾಷಣ ತೆಂಗಿನ ಮರಕ್ಕೆ. ಕೊನೆಗೊಮ್ಮೆ ಬಟನ್ ಬಿಟ್ಟ್ರು, ಟೈಮರ್ ರಿಸೆಟ್ ಆಯ್ತು, ಮತ್ತೆ ಒತ್ತಿ ಹೇಳ್ತಾರೆ, "ಹಾಗಾಗಿ ಅವನನ್ನು ಪೊಲೀಸರೇ ಮನೆಗೆ ತಂದು ಬಿಟ್ಟದ್ದು. ನೀವೆಂತ ಹೇಳ್ತೀರಿ? ಓವರ್."

ಎಣ್ಣೆಗೂ ಪೊಲೀಸರಿಗೂ ಎಂತ ಸಂಬಂಧ ಮಾರಾಯ್ರೆ? ರಾತ್ರಿ ನಿದ್ದೆ ಬರ್ಲಿಲ್ಲ. ಕೇಳಿದ್ರೆ, "ಒಮ್ಮೆ ಹೇಳಿದ್ದೇನಲ್ಲ" ಅಂತ ಮುಖ ಆಚೆ ತಿರುಗಿಸಿದ್ರು.

ಸೆಟ್ಟಿನ ಮುಂದೆ ಯಾರೋ ಇಂಕಿನಲ್ಲಿ "ಜೀಪ್ 2" ಅಂತ ಬರೆದು ಅಂಟಿಸಿದ ಚೀಟಿ ಇನ್ನೂ ಉಂಟು, ಕೀಳ್ಲಿಕ್ಕೆ ಮನಸ್ಸು ಬರ್ಲಿಲ್ಲ. ತುಲಾ ತಿಂಗಳ ಗುಡುಗಿನ ಸಂಜೆ ಆ ಡ್ರೈವರಿನ ದನಿ ಕಾದು ಯಾರು ಕೂತಿದ್ರೋ.

ಇವತ್ತು ಬೆಳಿಗ್ಗೆ ಮಾವ ಬಂದ್ರು, ಕಂಕುಳಲ್ಲಿ ಹಳೇ ಟೇಬಲ್ ಫ್ಯಾನು. ನನ್ನನ್ನು ನೋಡದೆ ಅತ್ತೆಯತ್ರ ಹೇಳಿದ್ರು, "ಬಿಸಿ ಆಗುದಲ್ವಾ, ಇದನ್ನು ಹಿಂದೆ ಇಟ್ಟು ಹತ್ತು ನಿಮಿಷ ಮಾಡ್ಲಿಕ್ಕೆ ಹೇಳು ಅವನಿಗೆ."

"ಕರೆಂಟ್ ಹೋದ್ರೆ?" ಅಂದೆ.

"ಕರೆಂಟ್ ಹೋದಾಗ ಐದು ಸಾಕು."