60 ಭಾಗ ಕನ್ನಡ, ಉಳಿದದ್ದೆಲ್ಲ ಗ್ರೀಕು

ಬೋರ್ಡಿನ ಲೆಕ್ಕ ಸುಲಭ. ಹತ್ತಡಿ ಅಗಲ, ಮೂರಡಿ ಎತ್ತರ ಎಂದರೆ 30 ಚದರಡಿ. ಅದರಲ್ಲಿ ಶೇಕಡ 60, ಅಂದರೆ 18 ಚದರಡಿ ಕನ್ನಡಕ್ಕೆ, ಅದೂ ಮೇಲ್ಭಾಗದಲ್ಲಿ. 2024ರಲ್ಲಿ ರಾಜ್ಯದ ಕನ್ನಡ ಭಾಷಾ ಅಭಿವೃದ್ಧಿ ಕಾಯಿದೆಗೆ ತಿದ್ದುಪಡಿ ಆದದ್ದೇ ತಡ, ಬೆಂಗಳೂರಿನ ಅಂಗಡಿ, ಆಸ್ಪತ್ರೆ, ಜಿಮ್ಮುಗಳೆಲ್ಲ ಟೇಪು ಹಿಡಿದು ಆ 18 ಚದರಡಿಯನ್ನು ಭರ್ತಿ ಮಾಡಲು ಹೊರಟವು. ಭರ್ತಿಯಾದದ್ದು ಈ ಧಾಟಿಯಲ್ಲಿ: 'ಅಡ್ವಾನ್ಸ್ಡ್ ಆರ್ಥೋಪೆಡಿಕ್ಸ್ ಅಂಡ್ ಕೈರೋಪ್ರಾಕ್ಟಿಕ್ ಪಾಲಿಕ್ಲಿನಿಕ್'.

ಲಿಪಿ ಕನ್ನಡವೇ, ತಕರಾರಿಲ್ಲ. ಆದರೆ ಇದನ್ನು ನೋಡಿ 'ಬರೀ ಇಂಗ್ಲಿಷು' ಎಂದು ಬೈಯುವವರು ಇಂಗ್ಲಿಷಿಗೆ ಅನ್ಯಾಯ ಮಾಡುತ್ತಿದ್ದಾರೆ. ಅಷ್ಟುದ್ದದ ಬೋರ್ಡಿನಲ್ಲಿ ಅಪ್ಪಟ ಇಂಗ್ಲಿಷ್ ಎನ್ನುವಂಥದ್ದು 'ಅಂಡ್' ಒಂದೇ, ಅದೂ ಕನ್ನಡದ ಕಣ್ಣಿಗೆ ಬೇರೊಂದು ಅಂಗವಾಗಿ ಕಾಣುತ್ತದೆ. 'ಅಡ್ವಾನ್ಸ್ಡ್' ಫ್ರೆಂಚರಿಂದ ಬಂದದ್ದು. ಮಿಕ್ಕಿದ್ದೆಲ್ಲ ಗ್ರೀಕು.

ಆರ್ಥೋಪೆಡಿಕ್ಸ್ ತೆಗೆದುಕೊಳ್ಳಿ. 'ಓರ್ಥೋಸ್' ಎಂದರೆ ನೆಟ್ಟಗಿರುವುದು, 'ಪೈಸ್' ಎಂದರೆ ಮಗು. ನಿಕೊಲಾ ಆಂದ್ರಿ ಎಂಬ ಫ್ರೆಂಚ್ ವೈದ್ಯ 1741ರಲ್ಲಿ, ಮಕ್ಕಳ ಸೊಟ್ಟ ಮೈಯನ್ನು ನೇರ ಮಾಡುವ ವಿದ್ಯೆಗೆ ಹೆಸರು ಬೇಕೆಂದು ಇವೆರಡನ್ನು ಜೋಡಿಸಿದ. ಈಗ ಎಪ್ಪತ್ತು ದಾಟಿದ ಅಜ್ಜಿ ಮಂಡಿನೋವಿಗೆ ಹೋಗುವುದೂ ಅಲ್ಲಿಗೇ. 'ಆರ್ಥೋ ಹತ್ರ ತೋರಿಸಿದ್ರಾ ಅಜ್ಜಿ?' ಎಂದು ಪಕ್ಕದ ಮನೆಯವರು ವಿಚಾರಿಸಿದರೆ, 'ನೆಟ್ಟಗಿರುವವರ ಹತ್ರ ತೋರಿಸಿದ್ರಾ?' ಎಂದಷ್ಟೇ ಕೇಳಿದ ಹಾಗಾಯಿತು. ಮಗು ದಾರಿಯಲ್ಲೆಲ್ಲೋ ಕಳೆದುಹೋಗಿದೆ. 'ಕೀಲುಮೂಳೆ' ಎಂದು ಬರೆದಿದ್ದರೆ ನಾಲ್ಕೇ ಅಕ್ಷರ. ಉಬ್ಬು ಅಕ್ಷರಕ್ಕೆ ಇಂಚಿನ ಲೆಕ್ಕದಲ್ಲಿ ದುಡ್ಡು ಕೊಡುವ ಊರಿನಲ್ಲಿ ಅದು ಸಣ್ಣ ಉಳಿತಾಯವಲ್ಲ. ಆದರೆ ಕೀಲುಮೂಳೆ ನೋಡುವವರಿಗೆ ಸಾವಿರ ರೂಪಾಯಿ ಫೀಸು ಕೊಡಲು ಯಾರಿಗೆ ಮನಸ್ಸು ಬಂದೀತು?

ಪಾಲಿಕ್ಲಿನಿಕ್ಕಿನ 'ಕ್ಲೀನೆ' ಎಂದರೆ ಹಾಸಿಗೆ, 'ಪಾಲಿ' ಎಂದರೆ ಬಹಳ. ಬಹಳ ಹಾಸಿಗೆಗಳ ಈ ಜಾಗದಲ್ಲಿ ಸಾಮಾನ್ಯವಾಗಿ ಸಿಗುವುದು ಒಂದು ಬೆಂಚು, ಆರು ಪ್ಲಾಸ್ಟಿಕ್ ಕುರ್ಚಿ, ಮತ್ತೆ ಟೋಕನ್ ನಂಬರ್ 43.

ಕೈರೋಪ್ರಾಕ್ಟಿಕ್, ಅಂದರೆ ಬೆನ್ನು ಕೀಲುಗಳನ್ನು ಕೈಯಿಂದ ಒತ್ತಿ ಮಾಡುವ ಚಿಕಿತ್ಸೆ, ಮಾತ್ರ ನಿಜಕ್ಕೂ ರಸವತ್ತಾದ ಪದ. ಗ್ರೀಕಿನ 'ಖೇಯ್ರ್' ಎಂದರೆ ಕೈ. ನಮ್ಮ ಕೈಗೂ ಅವರ ಖೇಯ್ರಿಗೂ ನೆಂಟಸ್ತಿಕೆ ಇಲ್ಲ, ಸುಮ್ಮನೆ ಕಾಕತಾಳೀಯ. ಸರ್ಜರಿ ಹುಟ್ಟಿದ್ದೂ ಇದೇ ಖೇಯ್ರಿಗೆ 'ಎರ್ಗೊನ್', ಅಂದರೆ ಕೆಲಸ, ಸೇರಿ. ಸರ್ಜನ್ ಎಂದರೆ ಕೈಗೆಲಸದವರು. 'ಪ್ಲಾಸ್ಟಿಕ್' ಎಂದರೆ ಮಣ್ಣು ಮೇಣದ ಹಾಗೆ ರೂಪ ಕೊಡಬಹುದಾದದ್ದು, ಆದ್ದರಿಂದ ಪ್ಲಾಸ್ಟಿಕ್ ಸರ್ಜರಿ ಎಂದರೆ ಬೊಂಬೆ ಮಾಡುವ ಕೈಗೆಲಸ. ಚನ್ನಪಟ್ಟಣದವರು ಇಷ್ಟು ವರ್ಷ ಸುಮ್ಮನೆ ಕಡಿಮೆ ರೇಟು ಹೇಳುತ್ತಿದ್ದಾರೆ.

ಗ್ರೀಕರ 'ಖಿ' ಅಕ್ಷರವನ್ನು ರೋಮನರು ಸಿ ಮತ್ತು ಎಚ್ ಸೇರಿಸಿ ಬರೆದರು. ಆದ್ದರಿಂದ ಗ್ರೀಕ್ ಮೂಲದ ಪದಗಳಲ್ಲಿ ಆ ಜೋಡಿ ಕಂಡರೆ ಹೆಚ್ಚುಕಡಿಮೆ ಎಲ್ಲ ಕಡೆ 'ಕ' ಎನ್ನಬೇಕು, 'ಚ' ಅಲ್ಲ. ಮೊದಲಿಗೇ ಪಿ-ಎಸ್ ಬಂದರೆ ಪಿ ನುಂಗಿಕೊಳ್ಳಬೇಕು, ಪಿ-ಎನ್ ಬಂದರೂ ಅಷ್ಟೇ. ಈ ಗುಟ್ಟು ಗೊತ್ತಿಲ್ಲದ ಕಂಪ್ಯೂಟರು 'ಚಿರೋಪ್ರಾಕ್ಟಿಕ್' ಎಂದು ಕೊಡುತ್ತದೆ. ಒಂದು ಸಿಟ್ಟಿಂಗಿನಲ್ಲಿ ಮುಗಿಯಬೇಕಾದ ಬೆನ್ನುನೋವು ಚಿರಕಾಲದ ಸಂಬಂಧವಾಗುತ್ತದೆ. ಇದು ತಪ್ಪು ಎಂದು ಹೇಳಲಾರೆ.

ತಪ್ಪು ಹುಟ್ಟುವ ಜಾಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಾಲೀಕರು ಇಂಗ್ಲಿಷಿನಲ್ಲಿ ಹೆಸರನ್ನು ವಾಟ್ಸ್‌ಆ್ಯಪ್ ಮಾಡುತ್ತಾರೆ. ಡಿಸೈನ್ ಮಾಡುವ ಹುಡುಗ ಅದನ್ನು ಫೋನಿನಲ್ಲೇ ಕನ್ನಡಕ್ಕೆ ತಿರುಗಿಸಿ, ಕಾಪಿ ಮಾಡಿ, ಯಾವುದೋ ಹಳೇ ಸಾಫ್ಟ್‌ವೇರಿಗೆ ಅಂಟಿಸುತ್ತಾನೆ. ಆ ಸಾಫ್ಟ್‌ವೇರಿಗೆ ಯೂನಿಕೋಡಿನ ಒತ್ತಕ್ಷರ ಕೂಡಿಸಲು ಬರುವುದಿಲ್ಲ. ಕ್ಲಿನಿಕ್ಕಿನ 'ಕ್' ಒಂದು ಕಡೆ, 'ಲಿ' ಒಂದು ಕಡೆ ಮುನಿಸಿಕೊಂಡು ನಿಲ್ಲುತ್ತವೆ. ಸರಿ, ನುಡಿ ಫಾಂಟಿನಲ್ಲಿ ಕೈಯಿಂದಲೇ ಹೊಡೆಯೋಣ ಎಂದು ಕೂತರೆ ಗಡಿಬಿಡಿಯಲ್ಲಿ ಒಂದು ಕ್ರಾವಡಿ ಬಿಟ್ಟುಹೋಗುತ್ತದೆ. ಗ್ರೀಕಿನಲ್ಲಿ 'ನೆಫ್ರೊಸ್' ಎಂದರೆ ಮೂತ್ರಪಿಂಡ, 'ನೆಫೊಸ್' ಎಂದರೆ ಮೋಡ. ನೆಫ್ರಾಲಜಿಯ ಕ್ರಾವಡಿ ಬಿದ್ದರೆ ನೆಫಾಲಜಿ, ಮೋಡಗಳ ಶಾಸ್ತ್ರ. ಡಯಾಲಿಸಿಸ್‌ಗೆ ಬಂದವರನ್ನು ಹವಾಮಾನ ಇಲಾಖೆಗೆ ಕಳಿಸುವಷ್ಟು ದೊಡ್ಡ ತಪ್ಪು. ಬೋರ್ಡು ತೂಗುಹಾಕಿ ಆರು ತಿಂಗಳಾದರೂ ಯಾರೂ ಗಮನಿಸುವುದಿಲ್ಲ, ಏಕೆಂದರೆ ಕ್ರಾವಡಿ ಇದ್ದಾಗಲೂ ಅದು ಯಾರಿಗೂ ಅರ್ಥವಾಗಿರಲಿಲ್ಲ.

ಜಿಮ್ ವಿಷಯ ಬೇಗ ಮುಗಿಸುತ್ತೇನೆ, ಮನೆಮಂದಿಯೆಲ್ಲ ಓದುವ ಅಂಕಣ. 'ಗಿಮ್ನೋಸ್' ಎಂದರೆ ಬೆತ್ತಲೆ. ಪೇಟೆಯ ಗರಡಿಮನೆಗಳಲ್ಲಿ ಲಂಗೋಟಿಯಾದರೂ ಇತ್ತು. 'ಫ್ಯಾಮಿಲಿ ಜಿಮ್' ಎಂದು ಎರಡಡಿ ಅಕ್ಷರದಲ್ಲಿ ಬರೆಸುವವರು ಒಮ್ಮೆ ಯೋಚಿಸಲಿ.

ಅಪಾರ್ಟ್‌ಮೆಂಟಿಗೆ ಹೆಸರಿಡುವವರಿಗೆ ಗ್ರೀಕರ ಸ್ವರ್ಗ 'ಎಲಿಸಿಯಂ' ಎಂದರೆ ಪ್ರಾಣ. ಹೋಮರನ ಒಡಿಸ್ಸಿಯ ನಾಲ್ಕನೇ ಕಾಂಡದಲ್ಲಿ ಅದರ ವಿಳಾಸವೇ ಇದೆ: ಭೂಮಿಯ ಕೊನೆಯಂಚು. ಇಷ್ಟು ಪ್ರಾಮಾಣಿಕವಾಗಿ ಯಾವ ಬ್ರೋಷರೂ ಸರ್ಜಾಪುರದಾಚೆಯ ದೂರವನ್ನು ಹೇಳಿಲ್ಲ. ಅಲ್ಲಿ ಹಿಮವಿಲ್ಲ, ಬಿರುಗಾಳಿಯಿಲ್ಲ, ಮಳೆಯಂತೂ ಇಲ್ಲವೇ ಇಲ್ಲ ಎನ್ನುತ್ತಾನೆ ಹೋಮರ್. ಬೇಸ್‌ಮೆಂಟಿನಲ್ಲಿ ಕಾರು ತೇಲುವ ದಿನ ಈ ಸಾಲು ನೆನಪಾದರೆ ಸಾಕು. ಆಮೇಲಿನ ಕವಿಗಳ ಹೊತ್ತಿಗೆ ಎಲಿಸಿಯಂ ಪುಣ್ಯವಂತರು ಸತ್ತ ಮೇಲೆ ಸೇರುವ ಜಾಗವಾಯಿತು. ಇಪ್ಪತ್ತು ವರ್ಷದ ಇಎಂಐ ಕಟ್ಟುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನನ್ನು ಕೇಳಿದರೆ, ಬೆಂಗಳೂರಿನ ರಿಯಲ್ ಎಸ್ಟೇಟಿಗೆ ಹೇಳಿ ಮಾಡಿಸಿದ ಗ್ರೀಕ್ ಪದ ಬೇರೆಯೇ ಇದೆ: ನೆಫೆಲೊಕೊಕ್ಕಿಗಿಯ. 'ನೆಫೆಲೆ' ಮೋಡ, 'ಕೊಕ್ಕಿಕ್ಸ್' ಕೋಗಿಲೆ. ಕ್ರಿ.ಪೂ. 414ರಲ್ಲಿ ಅರಿಸ್ಟೊಫೆನೀಸ್ ಆಡಿಸಿದ 'ಹಕ್ಕಿಗಳು' ಪ್ರಹಸನದಲ್ಲಿ ಆಕಾಶದಲ್ಲಿ ಕಟ್ಟುವ ಬಡಾವಣೆಯ ಹೆಸರಿದು. ಕನ್ನಡದಲ್ಲಿ ಮೋಡಕೋಗಿಲೆಪುರ ಎನ್ನಬಹುದು, ಯಲಹಂಕದ ಕೋಗಿಲು ಕ್ರಾಸಿನವರು ಬೇಸರಿಸಬಾರದು. ಗೋಡೆ ಏಳುವ ಮೊದಲೇ ಅಲ್ಲಿ ಪೂಜಾರಿ, ಹೊಗಳುವ ಕವಿ, ಭವಿಷ್ಯ ಮಾರುವವನು, ಇನ್‌ಸ್ಪೆಕ್ಟರು, ಕಾಯಿದೆ ಮಾರುವವನು ಎಲ್ಲ ಸಾಲಾಗಿ ಹಾಜರು. ನಡುವೆ ಮೆಟೊನ್ ಎಂಬ ಸರ್ವೆಯವನು ಅಳತೆಕೋಲು ಹಿಡಿದು, ಗಾಳಿಯನ್ನೇ ಅಳೆದು ಬೀದಿಬೀದಿಯಾಗಿ ಹಂಚಿಕೊಡುತ್ತೇನೆ ಎನ್ನುತ್ತಾನೆ. ನಾವು ಅದಕ್ಕೆ ಸೂಪರ್ ಬಿಲ್ಟ್‌ಅಪ್ ಏರಿಯಾ ಎನ್ನುತ್ತೇವೆ. ಒಂದೇ ವ್ಯತ್ಯಾಸ: ಗ್ರೀಕರ ನಾಟಕದಲ್ಲಿ ಇವನಿಗೆ ಹೊಡೆದು ಓಡಿಸುತ್ತಾರೆ.

ಅದೇ ಕೊಕ್ಕಿಕ್ಸ್ ನಮ್ಮ ಮೈಯಲ್ಲೂ ಇದೆ. ಬೆನ್ನೆಲುಬಿನ ತುದಿಯ ಪುಟ್ಟ ಮೂಳೆ ಕೋಗಿಲೆಯ ಕೊಕ್ಕಿನ ಹಾಗೆ ಕಂಡದ್ದರಿಂದ ಅದಕ್ಕೆ ಈ ಹೆಸರು. 'ಒದಿನೆ' ಎಂದರೆ ನೋವು. ಎರಡೂ ಸೇರಿದರೆ ಕಾಕ್ಸಿಡೀನಿಯ, ಅಂದರೆ ಬಾಲದ ಮೂಳೆಯ ನೋವು. ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತು ಸಿಲ್ಕ್ ಬೋರ್ಡ್ ಕಡೆಗೊಮ್ಮೆ ಹೋಗಿಬಂದರೆ ಈ ಪದದ ಉಚ್ಚಾರಣೆ ತಾನಾಗಿ ಬರುತ್ತದೆ. ಬೋರ್ಡಿನ ಮಧ್ಯದ 'ಅಂಡ್' ಎಷ್ಟು ದೂರದೃಷ್ಟಿಯದು ಎಂಬುದೂ ಆಗ ತಿಳಿಯುತ್ತದೆ.

ಮೊದಲ ಮಳೆಗೆ ಊರಿನ ಎಲ್ಲ ಸ್ಟೇಟಸ್‌ಗಳಲ್ಲಿ ಮೊಳೆಯುವ 'ಪೆಟ್ರಿಕೋರ್', ಅಂದರೆ ಒಣನೆಲಕ್ಕೆ ಮಳೆ ಬಿದ್ದಾಗ ಏಳುವ ವಾಸನೆ, ಇನ್ನೊಂದು. 1964ರಲ್ಲಿ ಬೇರ್ ಮತ್ತು ಥಾಮಸ್ ಎಂಬ ಆಸ್ಟ್ರೇಲಿಯದ ವಿಜ್ಞಾನಿಗಳು 'ಪೆತ್ರ', ಅಂದರೆ ಕಲ್ಲು, ಮತ್ತು 'ಇಖೋರ್', ಅಂದರೆ ದೇವತೆಗಳ ರಕ್ತ, ಇವೆರಡನ್ನು ಕೂಡಿಸಿ ಕಟ್ಟಿದ ಪದ. ಒಣಹವೆಯಲ್ಲಿ ಗಿಡಗಳಿಂದ ಬಂದ ಎಣ್ಣೆಯಂಶವನ್ನು ಮಣ್ಣು ಕಲ್ಲು ಹೀರಿಟ್ಟುಕೊಂಡು, ತೇವ ತಗಲಿದಾಗ ಬಿಟ್ಟುಕೊಡುತ್ತವೆ. ಜೊತೆಗೆ ಮಣ್ಣಿನ ಬ್ಯಾಕ್ಟೀರಿಯ ತಯಾರಿಸುವ ಜಿಯೋಸ್ಮಿನ್, ಅದೂ ಗ್ರೀಕೇ, 'ಮಣ್ಣಿನ ವಾಸನೆ' ಎಂದೇ ಅರ್ಥ. ಇಷ್ಟಕ್ಕೆಲ್ಲ ಮಣ್ಣು ಬೇಕು. ಕಾಂಕ್ರೀಟು ಹಾಕಿ ವೈಟ್‌ಟಾಪಿಂಗ್ ಮಾಡಿದ ರಸ್ತೆಯಲ್ಲಿ ಮಣ್ಣು ಎಲ್ಲಿಂದ ಬರಬೇಕು? ಬರುವುದು ರಾಜಕಾಲುವೆಯ ಗಾಳಿ. ಹಾಗೆಂದು ಪೆಟ್ರಿಕೋರ್ ಸುಳ್ಳಾಗುವುದಿಲ್ಲ. ವೈದ್ಯರ ಬಾಯಲ್ಲಿ ಇಖೋರ್ ಎಂದರೆ ಹುಣ್ಣಿನಿಂದ ಸೋರುವ ನಾರುವ ನೀರು. ಕಲ್ಲು, ಮೇಲೆ ಕೀವು. ಪದ ಕರಾರುವಾಕ್ಕಾಗಿದೆ.

ಇದೆಲ್ಲ ಗ್ರೀಕರಿಗೆ ನಾವು ತೀರಿಸುತ್ತಿರುವ ಹಳೇ ಬಾಕಿಯೂ ಇರಬಹುದು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ, 1903ರಲ್ಲಿ ಅಚ್ಚಾದ, 413ನೇ ನಂಬರಿನ ಪಪೈರಸ್‌ನಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಭಾರತದ ಕರಾವಳಿಯಲ್ಲಿ ಸಿಕ್ಕಿಬಿದ್ದ ಖಾರಿಷನ್ ಎಂಬ ಹೆಣ್ಣುಮಗಳನ್ನು ಬಿಡಿಸಲು, ಅಲ್ಲಿನ ರಾಜನಿಗೆ ಕುಡಿಸಿ ಮಲಗಿಸುವ ಕಥೆ. ರಾಜನ ಕಡೆಯವರ ಮಾತು ಗ್ರೀಕ್ ಲಿಪಿಯಲ್ಲಿದೆ, ಗ್ರೀಕ್ ಅಲ್ಲ. ಅದು ಕನ್ನಡ ಎಂದು 1904ರಲ್ಲಿ ಹುಲ್ಟ್ಶ್ ಎಂಬ ಜರ್ಮನ್ ವಿದ್ವಾಂಸ ವಾದಿಸಿದ. ತುಳು ಎಂದವರೂ ಇದ್ದಾರೆ, ಬರೀ ಬಡಬಡಿಕೆ ಎಂದವರೂ ಇದ್ದಾರೆ. 'ಪನುಂಬ್ರೇತಿಕತೆಮನುವಂಬ್ರೇತುವೆನಿ' ಎಂಬಂತಿರುವ ಒಂದು ಸಾಲನ್ನು 'ಪಾನಂ ಬೇರೆತ್ತಿ ಕಟ್ಟಿ ಮಧುವಂ ಬೇರೆತ್ತುವೆನು' ಎಂದು ಓದಿದ್ದಾರೆ. ನೋಡುತ್ತ ಕೂತ ಗ್ರೀಕರಿಗೆ ಒಂದಕ್ಷರವೂ ತಿಳಿದಿರಲಿಕ್ಕಿಲ್ಲ. ತಿಳಿಯದಿರುವುದೇ ಅಲ್ಲಿನ ತಮಾಷೆ. ಆ ಸಾಲಿನ ಪಕ್ಕದಲ್ಲಿ 'ಅಡ್ವಾನ್ಸ್ಡ್ ಆರ್ಥೋಪೆಡಿಕ್ಸ್ ಅಂಡ್ ಕೈರೋಪ್ರಾಕ್ಟಿಕ್ ಪಾಲಿಕ್ಲಿನಿಕ್' ಇಟ್ಟು ಒಮ್ಮೆ ಗಟ್ಟಿಯಾಗಿ ಓದಿ. ಅವರು ಪಪೈರಸ್ ಮೇಲೆ ಮಸಿಯಲ್ಲಿ ಬರೆದಿದ್ದರು. ನಮ್ಮದು ಅಲ್ಯುಮಿನಿಯಮ್ಮಿನ ಎಸಿಪಿ ಶೀಟು, ಮೇಲೆ ಎಲ್‌ಇಡಿ, 18 ಚದರಡಿ.