ಸೋತವರೂ ಲೆಕ್ಕ ಕೊಡಲೇಬೇಕು

‘ಚುನಾವಣೆಯಲ್ಲಿ ಹೋದ ಠೇವಣಿ ಮರಳಿ ಬಾರದು, ಸೋತವರು ಖರ್ಚಿನ ಲೆಕ್ಕವನ್ನೂ ಕೊಡಬೇಕಿಲ್ಲ’ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಮೊದಲರ್ಧ ನಿಜ, ಉಳಿದದ್ದು ಶುದ್ಧ ತಪ್ಪು.

1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 78ನೇ ಕಲಂ ಗೆದ್ದವರು, ಸೋತವರು ಎಂದು ಭೇದ ಮಾಡುವುದಿಲ್ಲ. ಲೋಕಸಭೆ, ವಿಧಾನಸಭೆ ಚುನಾವಣೆಗೆ ಕಣದಲ್ಲಿದ್ದ ಪ್ರತಿಯೊಬ್ಬರೂ ಫಲಿತಾಂಶ ಪ್ರಕಟವಾದ 30 ದಿನಗಳೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಸಲ್ಲಿಸಬೇಕು. ಅದಕ್ಕೆಂದೇ ಕೊಡುವ ಪುಸ್ತಕದಲ್ಲಿ ದಿನದ ಖರ್ಚಿಗೆ ಬಿಳಿ ಹಾಳೆ, ನಗದಿಗೆ ಗುಲಾಬಿ, ಬ್ಯಾಂಕ್ ವ್ಯವಹಾರಕ್ಕೆ ಹಳದಿ. ಶಾಮಿಯಾನ, ಕುರ್ಚಿ, ಧ್ವನಿವರ್ಧಕದ ಬಾಡಿಗೆಯೂ (ಎಲ್ಲರಿಗೂ ಮರೆತುಹೋಗುವುದು ಇವೇ!) ಅಲ್ಲಿ ಕಾಣಬೇಕು. ಸಕಾರಣವಿಲ್ಲದೆ ತಪ್ಪಿಸಿಕೊಂಡವರನ್ನು 10ಎ ಕಲಂ ಪ್ರಕಾರ ಚುನಾವಣಾ ಆಯೋಗ 3 ವರ್ಷ ಅನರ್ಹಗೊಳಿಸುತ್ತದೆ.