ಗೋಬಿಯಲ್ಲಿ ಎಷ್ಟು ಮಿಲಿಗ್ರಾಂ?

ಗೋಬಿ ಮಂಚೂರಿಯ ಬಣ್ಣದ ಸುದ್ದಿ ಬಂದಾಗಲೆಲ್ಲ ಜನ ಗಾಡಿಯವನನ್ನು ಬೈಯುತ್ತಾರೆ. ನನಗೆ ಸಿಟ್ಟು ಬರುವುದು ಸುದ್ದಿಯ ಮೇಲೆ. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಕೊಟ್ಟ ಲೆಕ್ಕ ನೆನಪಿರಬಹುದು: ಗೋಬಿಯ 171 ಮಾದರಿಗಳಲ್ಲಿ 107, ಬಾಂಬೆ ಮಿಠಾಯಿಯ 25ರಲ್ಲಿ 15 ಅಸುರಕ್ಷಿತ. ಸಿಕ್ಕ ಬಣ್ಣಗಳು ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್, ರೋಡಮೈನ್-ಬಿ. ಸಂಜೆಯೊಳಗೆ ನಾಲ್ಕರ ಹಣೆಗೂ ‘ಕ್ಯಾನ್ಸರ್’ ಎಂಬ ಒಂದೇ ಚೀಟಿ ಅಂಟಿತ್ತು. ಯಾವ ಮಾದರಿಯಲ್ಲಿ ಯಾವುದು ಎಷ್ಟಿತ್ತು ಎಂಬುದು ನನ್ನ ಕಣ್ಣಿಗೆ ಎಲ್ಲೂ ಬೀಳಲಿಲ್ಲ.

ಈ ನಾಲ್ಕೂ ಒಂದೇ ಜಾತಿಯವಲ್ಲ. ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ. ತಿನ್ನುವ ಯಾವ ವಸ್ತುವಿನಲ್ಲೂ ಇರುವಂತಿಲ್ಲ. (ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಅದನ್ನೂ ‘ಮನುಷ್ಯರ ಮಟ್ಟಿಗೆ ತೀರ್ಮಾನಿಸಲು ಪುರಾವೆ ಸಾಲದು’ ಎಂಬ 3ನೇ ಗುಂಪಿನಲ್ಲಿಟ್ಟಿದೆ. ಹಾಗೆಂದು ತಿನ್ನಲು ಹೋಗಬೇಡಿ.) ಉಳಿದ ಮೂರು ನಮ್ಮ ಕಾನೂನು ಒಪ್ಪಿರುವ ಎಂಟು ಕೃತಕ ಬಣ್ಣಗಳಲ್ಲಿ ಸೇರಿವೆ. ಐಸ್‌ಕ್ರೀಮ್, ಬಿಸ್ಕತ್ತು, ಸಿಹಿತಿಂಡಿಗಳಿಗೆ ಕಿಲೋಗೆ ಸಾಮಾನ್ಯವಾಗಿ 100 ಮಿಲಿಗ್ರಾಂವರೆಗೆ ಹಾಕಬಹುದು. ಗೋಬಿಗೆ, ಕಬಾಬಿಗೆ ಕಣದಷ್ಟೂ ಸಲ್ಲದು. ಕೇಕಿನಲ್ಲಿ ಕಾನೂನು ಒಪ್ಪುವ ಪುಡಿಯೇ ಪಕ್ಕದ ಬಾಣಲೆಗೆ ಬಿದ್ದರೆ ಅಪರಾಧ.

ಅಳೆಯುವ ದಾರಿ ಹಳೆಯದು, ಚೆಂದದ್ದು. ಆಹಾರದ ದ್ರಾವಣಕ್ಕೆ ಸ್ವಲ್ಪ ಆಮ್ಲ ಬೆರೆಸಿ, ಜಿಡ್ಡು ತೆಗೆದ ಬಿಳಿ ಉಣ್ಣೆಯ ನೂಲು ಹಾಕಿ ಕುದಿಸುತ್ತಾರೆ. ಟಾರ್ಟ್ರಜೀನ್‌ನಂತಹ ಬಣ್ಣಗಳು ನೂಲಿಗೆ ಹತ್ತಿಕೊಳ್ಳುತ್ತವೆ. ನೂಲನ್ನು ತೊಳೆದು ತೆಳು ಅಮೋನಿಯಾದಲ್ಲಿ ಕಾಯಿಸಿದರೆ ಬಿಟ್ಟುಕೊಡುತ್ತವೆ. ಆಮೇಲೆ ಹಾಗೆ ಸಿಕ್ಕ ಬಣ್ಣದ ಹನಿಯನ್ನು ಕಾಗದದ ಮೇಲೆ ಹರಿಯಬಿಟ್ಟು ಒಂದೊಂದು ಬಣ್ಣವನ್ನೂ ಬೇರ್ಪಡಿಸುವುದು. ಇಲ್ಲಿಗೆ ‘ಯಾವುದು’ ಎಂಬುದಕ್ಕೆ ಉತ್ತರ ಸಿಕ್ಕಿತು. ‘ಎಷ್ಟು’ ಎಂಬುದಕ್ಕೆ ಸ್ಪೆಕ್ಟ್ರೋಫೋಟೋಮೀಟರ್ ಬೇಕು: ಟಾರ್ಟ್ರಜೀನ್ ಸುಮಾರು 427 ನ್ಯಾನೋಮೀಟರ್‌ನ ಬೆಳಕನ್ನು ಹೆಚ್ಚು ಹೀರುತ್ತದೆ, ಎಷ್ಟು ಹೀರಿತು ಎಂಬುದರಿಂದ ಎಷ್ಟಿದೆ ಎಂದು ಲೆಕ್ಕ ಹಾಕಬಹುದು.

ಈ ‘ಎಷ್ಟು’ ಏಕೆ ಮುಖ್ಯ? ಯುರೋಪಿನ ಆಹಾರ ಸುರಕ್ಷಾ ಪ್ರಾಧಿಕಾರದ ಪ್ರಕಾರ ದಿನವೂ ಸೇವಿಸಿದರೂ ತೊಂದರೆಯಿಲ್ಲದ ಟಾರ್ಟ್ರಜೀನ್ ಪ್ರಮಾಣ, ದೇಹದ ತೂಕದ ಪ್ರತಿ ಕಿಲೋಗೆ 7.5 ಮಿಲಿಗ್ರಾಂ. 20 ಕಿಲೋ ತೂಕದ ಮಗುವಿಗೆ 150 ಮಿಲಿಗ್ರಾಂ ಆಯಿತು. ಅಷ್ಟು ಒಳಗೆ ಹೋಗಬೇಕಾದರೆ ಕಿಲೋಗೆ 100 ಮಿಲಿಗ್ರಾಂ ಬೆರೆತ ತಿಂಡಿಯನ್ನು ಮಗು ದಿನಕ್ಕೆ ಒಂದೂವರೆ ಕಿಲೋ ತಿನ್ನಬೇಕು. ಯಾವ ಮಗುವೂ ತಿನ್ನುವುದಿಲ್ಲ. ಆದರೆ ಪಾನ್ಸೋ 4ಆರ್ ಎಂಬ ಕೆಂಪು ಬಣ್ಣಕ್ಕೆ ಅದೇ ಪ್ರಾಧಿಕಾರ 2009ರಲ್ಲಿ ಇಟ್ಟ ಮಿತಿ ಬರೀ 0.7. ಅದೇ ಮಗುವಿಗೆ 14 ಮಿಲಿಗ್ರಾಂ, ಅಂದರೆ 140 ಗ್ರಾಂ ತಿಂಡಿ. ಹುಟ್ಟುಹಬ್ಬದ ದಿನ ಎರಡು ತುಂಡು ಕೆಂಪು ಕೇಕಿನಲ್ಲೇ ಮುಗಿದುಹೋಗುತ್ತದೆ. ಒಂದು ದಿನ ಮೀರಿದರೆ ಮಗು ಮಲಗಿಬಿಡುವುದಿಲ್ಲ, ಈ ಮಿತಿ ಜೀವಮಾನದ ಲೆಕ್ಕದ್ದು. ಆದರೂ ಹತ್ತು ಪಟ್ಟು ವ್ಯತ್ಯಾಸವಿರುವ ಎರಡು ಬಣ್ಣಗಳಿಗೆ ನಮ್ಮಲ್ಲಿ ಹೆಚ್ಚು ಕಡಿಮೆ ಒಂದೇ ಮಿತಿ ಏಕೆ? ಪೊಟ್ಟಣದ ಮೇಲೆ 124 ಎಂಬ ಸಂಖ್ಯೆ ಇರುತ್ತದೆ, ಪ್ರಮಾಣ ಇರುವುದಿಲ್ಲ. ಆ ಸಂಖ್ಯೆ ಪಾನ್ಸೋದ್ದು ಎಂದು ಎಷ್ಟು ಅಪ್ಪ ಅಮ್ಮಂದಿರಿಗೆ ಗೊತ್ತು? ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಪರಿಣಾಮ ಬೀರಬಹುದು ಎಂಬ ಎಚ್ಚರಿಕೆಯನ್ನು ಇದೂ ಸೇರಿ ಆರು ಬಣ್ಣಗಳಿಗೆ ಯುರೋಪು 2010ರಿಂದಲೇ ಕಡ್ಡಾಯ ಮಾಡಿದೆ.

ಇನ್ನು ಬೇಕರಿಯ ಒಳಗೆ ಬನ್ನಿ. 100 ಮಿಲಿಗ್ರಾಂ ಎಂದರೆ ಗ್ರಾಮಿನ ಹತ್ತನೇ ಒಂದು ಭಾಗ. ಎರಡು ಬೆರಳಲ್ಲಿ ಎತ್ತಿದ ಚಿಟಿಕೆ ಅದನ್ನು ಸುಲಭವಾಗಿ ದಾಟುತ್ತದೆ. ಅಷ್ಟು ಸೂಕ್ಷ್ಮದ ತಕ್ಕಡಿ ಸಣ್ಣ ಬೇಕರಿಗಳಲ್ಲಿ ನಾನಂತೂ ಕಂಡಿಲ್ಲ. ಕಣ್ಣಳತೆಯೇ ಕಾನೂನು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಕುಗಳ ಸರದಿ ಬಂತು: 235 ಮಾದರಿಗಳಲ್ಲಿ 12 ಅಸುರಕ್ಷಿತ. ಮತ್ತೆ ಅದೇ ಕ್ಯಾನ್ಸರ್ ಶೀರ್ಷಿಕೆ. ಆ 12ರಲ್ಲಿ ಕಿಲೋಗೆ 110 ಮಿಲಿಗ್ರಾಂ ಇತ್ತೋ, ಸಾವಿರ ಇತ್ತೋ? ಇಲಾಖೆ ಅಂಕಿಯನ್ನು ಪ್ರಕಟಿಸಲಿ. ಮೊದಲನೆಯದಾದರೆ ಆ ಬೇಕರಿಯವರಿಗೆ ಒಂದು ತಕ್ಕಡಿ ಕೊಳ್ಳಲು ಹೇಳಿ, ಎರಡನೆಯದಾದರೆ ಬೀಗ ಹಾಕಿ.